ಪದ ಪರಿಚಯ: ಇಯೊಮಾಂತೆ

ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದ ಮೂಲನಿವಾಸಿಗಳಾದ ಐನು ಜನರ ಪದವಿದು; ಸಾಕಿದ ಪ್ರಾಣಿಯನ್ನು ಕೊಂದು ಅದರ ಲೋಕಕ್ಕೆ ಬೀಳ್ಕೊಡುವ ವಿಧಿಯ ಹೆಸರು. ‘ಇ’ ಎಂದರೆ ಅದು, ‘ಒಮಾಂತೆ’ ಎಂದರೆ ಕಳಿಸಿಕೊಡು. ಹೆಸರೆತ್ತಲು ಅಳುಕುವ ಆ ‘ಅದು’ ಸಾಮಾನ್ಯವಾಗಿ ಕರಡಿ, ಕೆಲವೆಡೆ ಮೀನುಗೂಬೆ. ರಾತ್ರಿ ಹೊತ್ತು ಹಾವನ್ನು ‘ಹುಳ’ ಅನ್ನುವ ನಮಗೆ ಈ ಅಳುಕು ಹೊಸದೇನಲ್ಲ.

ಇದನ್ನು ‘ಕರಡಿ ಬಲಿ’ ಎಂದು ಬರೆದರೆ ಅರ್ಥವೇ ಕೆಡುತ್ತದೆ. ಬಲಿಯಲ್ಲಿ ಪ್ರಾಣಿ ದೇವರಿಗೆ ಸಲ್ಲುತ್ತದೆ. ಇಲ್ಲಿ ಕರಡಿಯೇ ದೇವರು, ಐನು ಮಾತಿನಲ್ಲಿ ‘ಕಮುಯ್’. ತನ್ನ ಲೋಕದಲ್ಲಿ ಮನುಷ್ಯರಂತೆಯೇ ಇರುವ ಕಮುಯ್, ಮಾಂಸ ತುಪ್ಪಳಗಳ ವೇಷ ತೊಟ್ಟು ನೆಂಟನಾಗಿ ಬರುತ್ತದೆ. ವೇಷ ಕಳಚದೆ ಅದು ಊರಿಗೆ ಮರಳಲಾರದು. ಕಳಚಿದ ವೇಷ ಮನೆಯವರಿಗೆ ಉಡುಗೊರೆ.

ಹಿಂದೆ ಈ ವಿಧಿ ನಡೆಯುತ್ತಿದ್ದ ಬಗೆ ಹೀಗೆ: ಚಳಿಗಾಲದ ಕೊನೆಗೆ ಗವಿಯಲ್ಲಿ ತಾಯಿಯನ್ನು ಬೇಟೆಯಾಡಿದಾಗ ಸಿಕ್ಕ ಮರಿಯನ್ನು ಹಟ್ಟಿಗೆ ತರುತ್ತಾರೆ. ಎಳೆಯದಿದ್ದಾಗ ಅದು ಮನೆಯೊಳಗೇ ಬೆಳೆಯುತ್ತದೆ, ಹೆಂಗಸರು ಎದೆಹಾಲೂಡಿಸಿದ್ದುಂಟು. ಉಗುರು ಹಲ್ಲು ಬಲಿತಮೇಲೆ ಮರದ ದಿಮ್ಮಿಗಳ ಎತ್ತರದ ಗೂಡಿಗೆ ಸೇರುತ್ತದೆ. ಒಂದೆರಡು ವರ್ಷ ಕಳೆದ ಬಳಿಕ, ತುಪ್ಪಳ ದಟ್ಟವಾಗಿರುವ ನಡುಚಳಿಗಾಲದಲ್ಲಿ ಬೀಳ್ಕೊಡುಗೆ.

ಊದಲಿನ ಹೆಂಡವನ್ನು ಮೊದಲೇ ಹುದುಗಿಗೆ ಹಾಕಿರಬೇಕು. ವಿಲೋ ಕಡ್ಡಿಯನ್ನು ಚಾಕುವಿನಿಂದ ಹೆರೆದು, ಸಿಪ್ಪೆ ಸುರುಳಿಸುರುಳಿಯಾಗಿ ಕಡ್ಡಿಗೇ ಜೋತುಬೀಳುವಂತೆ, ದೇವರಿಗೆ ಅರ್ಪಿಸುವ ‘ಇನವ್’ ಮಾಡುತ್ತಾರೆ. ಕರಡಿಯನ್ನು ಹಗ್ಗ ಕಟ್ಟಿ ಸುತ್ತಾಡಿಸುವಾಗ ಬಿಡುವ ಅಲಂಕೃತ ಬಾಣಗಳ ತುದಿ ಮೊಂಡು, ಮೈಗೆ ನಾಟುವುದಿಲ್ಲ. ಕೊನೆಯ ಬಾಣ ಮಾತ್ರ ನಿಜವಾದದ್ದು. ಆಮೇಲೆ ಎರಡು ದಿಮ್ಮಿಗಳ ನಡುವೆ ಕುತ್ತಿಗೆ ಅದುಮುತ್ತಾರೆ. ಸಾಕಿದ ಹೆಂಗಸರು ಅಳುತ್ತಾರೆ, ಅದು ತೋರಿಕೆಗಲ್ಲ.

ತಲೆಯನ್ನು ದೇವರಿಗೆಂದೇ ಇರುವ ಕಿಟಕಿಯಿಂದ ಒಳತಂದು ಗೌರವದ ಜಾಗದಲ್ಲಿಟ್ಟು ಹೆಂಡ, ಕಡುಬು, ಮೀನು ಬಡಿಸುತ್ತಾರೆ. ಹೊರಡುವಾಗ ಬುತ್ತಿಯನ್ನೂ ಕಟ್ಟುತ್ತಾರೆ. ರಾತ್ರಿ ಹಾಡುಗತೆ ನಡೆಯುತ್ತದೆ. ಕತೆ ರಂಗೇರಿದಾಗ ಬೇಕೆಂದೇ ನಿಲ್ಲಿಸಿಬಿಡುತ್ತಾರೆ: ಉಳಿದದ್ದು ಕೇಳಲು ಕಮುಯ್ ಮತ್ತೆ ಬರಲಿ ಎಂದು. ಉಪಚಾರದಲ್ಲಿ ಕೊರತೆಯಾದರೆ ಅದು ತನ್ನವರ ಬಳಿ ದೂರುತ್ತದೆ, ಮುಂದೆ ಬೇಟೆ ಸಿಗುವುದಿಲ್ಲ ಎಂಬ ಭಯ ಇದ್ದೇ ಇದೆ. ಅಲಂಕರಿಸಿದ ತಲೆಬುರುಡೆ ಕೊನೆಗೆ ಮನೆಯ ಹೊರಗಿನ ಇನವ್ ಸಾಲಿನಲ್ಲಿ, ಕವಲುಗಂಬದ ಮೇಲೆ ನಿಲ್ಲುತ್ತದೆ.

ಕಾಡಿನಲ್ಲೇ ಬೇಟೆಯಾದ ಕರಡಿಯನ್ನು ಕಳಿಸುವ ವಿಧಿ ‘ಹೊಪುನಿರೆ’, ಅದು ಬೇರೆ. ಇಯೊಮಾಂತೆ ಅನಾಗರಿಕವೆಂದು ಹೊಕ್ಕೈಡೊ ಆಡಳಿತ 1955ರಲ್ಲಿ ಸುತ್ತೋಲೆ ಹೊರಡಿಸಿ ತಡೆಯಿತು. ಅದನ್ನು ಹಿಂಪಡೆದದ್ದು 2007ರಲ್ಲಿ.