ನು ಮೆಟಲ್ ಮೆಟಲ್ಲೇ ಅಲ್ಲವೇ? ಡ್ರಾಪ್ ಸಿಗೆ ಇಳಿಸಿದರೂ ಭಾರ ಯಾಕೆ ಬರುವುದಿಲ್ಲ?

ಪ್ರಶ್ನೆ: ಬಳ್ಳಾರಿ ಕೌಲ್‌ಬಜಾರ್‌ದಾಗ ನಾವು ನಾಲ್ಕು ಮಂದಿ ಸೇರಿ ಬ್ಯಾಂಡ್ ಕಟ್ಟೀವಿ. ಕಾರ್ನ್, ಸ್ಲಿಪ್‌ನಾಟ್, ಲಿಂಕಿನ್ ಪಾರ್ಕ್ ಕೇಳಿ ಬೆಳೆದವರು ನಾವು. ಆದ್ರ ಹಳೇ ಮೆಟಲ್ ಕೇಳೋ ಅಣ್ಣಾರು ‘ಅದು ಮೆಟಲ್ಲೇ ಅಲ್ಲ, ಸೋಲೋ ಬಾರಿಸಾಕ ಬರದವ್ರ ಸಂಗೀತ’ ಅಂತಾರ. ಅವ್ರು ಹೇಳೋದು ಖರೇ ಏನು? ಇನ್ನೊಂದು, ಗಿಟಾರನ್ನ ಡ್ರಾಪ್ ಸಿಗೆ (ದಪ್ಪ ತಂತಿಯನ್ನ ಇ ಬದಲು ಸಿ ಸ್ವರಕ್ಕ) ಇಳಿಸಿದ್ರೂ ನಮ್ಮ ಸೌಂಡ್ ರಾಡಿ ಆಗ್ತೈತಿ, ಭಾರ ಬರವಲ್ದು. ಯಾಕ?

ಉತ್ತರ: ನು ಮೆಟಲ್, ಅಂದರೆ ಮೆಟಲ್‌ಗೆ ರ‍್ಯಾಪ್ ಮತ್ತು ತಾಳದ ಹೊಡೆತ ಬೆರೆಸಿ 90ರ ದಶಕದಲ್ಲಿ ಹುಟ್ಟಿದ ಶೈಲಿ, ಖಂಡಿತ ಮೆಟಲ್ಲೇ. ಹಾಗೆಂದು ನಿಮ್ಮ ಅಣ್ಣಂದಿರ ಸಿಟ್ಟನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ನಿಮ್ಮ ಎರಡು ಪ್ರಶ್ನೆಗಳ ಗಂಟು ಒಂದೇ ಕಡೆ ಇದೆ. ಈ ಸಂಗೀತದ ಭಾರ ಹುಟ್ಟುವುದು ಡ್ರಮ್ಮು, ಬೇಸ್ ಗಿಟಾರ್ ಮತ್ತು ಗಿಟಾರಿನ ಬಲಗೈ ಒಟ್ಟಿಗೆ ಬೀಳುವ ಏಟಿನಲ್ಲಿ. ಇದನ್ನು ಅರಿತ ಬ್ಯಾಂಡುಗಳು ಇವತ್ತಿಗೂ ಕೇಳಿಸುತ್ತಿವೆ. ತಂತಿ ಇಳಿಸಿ, ಜೋಲು ಪ್ಯಾಂಟು ತೊಟ್ಟು, ಸಿಟ್ಟು ತೋರಿಸಿದಷ್ಟಕ್ಕೇ ನಿಂತವರ ಹೆಸರು ಈಗ ಯಾರಿಗೂ ನೆನಪಿಲ್ಲ.

ಮೆಟಲ್‌ಗೆ ರ‍್ಯಾಪ್ ಬೆರೆಸುವ ಕೆಲಸ ನು ಮೆಟಲ್‌ಗಿಂತ ಮೊದಲೇ ನಡೆದಿತ್ತು. ಫೇತ್ ನೋ ಮೋರ್ 1989ರಲ್ಲೇ ಮಾಡಿತ್ತು. 1991ರಲ್ಲಿ ಆಂಥ್ರಾಕ್ಸ್ ಮತ್ತು ಪಬ್ಲಿಕ್ ಎನಿಮಿ ಒಂದೇ ಹಾಡಿನಲ್ಲಿ ಕೂಡಿದವು. ಮರುವರ್ಷ ರೇಜ್ ಅಗೇನ್ಸ್ಟ್ ದ ಮಷೀನ್ ಬಂತು. 1994ರ ಅಕ್ಟೋಬರ್‌ನಲ್ಲಿ ಕಾರ್ನ್‌ನ ಮೊದಲ ಆಲ್ಬಮ್ ಬಂದಾಗ ಹೊಸದೆನಿಸಿದ್ದು ಗಿಟಾರಿನ ಪಾತ್ರ. ಐಬನೇಝ್ ಕಂಪನಿ 7 ತಂತಿಯ ಗಿಟಾರನ್ನು 1990ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ಟೀವ್ ವಾಯ್ ಹೆಸರಿನಲ್ಲಿ, ಅಂದರೆ ಸೋಲೋದಲ್ಲಿ ಎತ್ತಿದ ಕೈ ಅನಿಸಿಕೊಂಡ ವಾದಕನ ಹೆಸರಿನಲ್ಲಿ. ಕಾರ್ನ್‌ನ ಇಬ್ಬರು ಗಿಟಾರ್‌ವಾದಕರು ಅದೇ ವಾದ್ಯವನ್ನು ಇನ್ನೊಂದು ಪೂರ್ಣ ಸ್ವರ ಇಳಿಸಿ, ಎ-ಡಿ-ಜಿ-ಸಿ-ಎಫ್-ಎ-ಡಿ ಮಾಡಿಕೊಂಡು, ಅದನ್ನೊಂದು ತಾಳವಾದ್ಯವನ್ನಾಗಿ ಬಳಸಿದರು. ಅವರ ಬೇಸ್‌ವಾದಕ ಫೀಲ್ಡಿಯ 5 ತಂತಿಯ ಬೇಸ್ ‘ಟಕ ಟಕ’ ಎಂದು ಡ್ರಮ್ಮಿನ ಜೊತೆ ಸೇರಿಕೊಂಡಿತು. ಇವರ ಊರು ಬೇಕರ್ಸ್‌ಫೀಲ್ಡ್, ಕ್ಯಾಲಿಫೋರ್ನಿಯಾದ ಒಳನಾಡು. ಎಣ್ಣೆ ಬಾವಿ, ಹೊಲ, ಉರಿಬಿಸಿಲು. ಗಣಿ, ಮೆಣಸಿನಕಾಯಿ, ಬಿಸಿಲಿನ ನಡುವೆ ಬೆಳೆದ ಬಳ್ಳಾರಿಯವರಿಗೆ ಅದೇನು ಬಹಳ ಅಪರಿಚಿತ ಜಾಗ ಅನಿಸದು.

ಈಗ ಸೋಲೋ ವಿಚಾರ. ಸೋಲೋ ಇಲ್ಲದ್ದು ಕೊರತೆ ಎನ್ನುವ ವಾದವನ್ನು ನಾವು ಒಪ್ಪುವುದಿಲ್ಲ. ನಮ್ಮ ಭಾಗದ ಮೊಹರಂ ಹಬ್ಬದ ಅಲಾಯಿ ಕುಣಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲಗಿಯ ಒಂದೇ ಏಟು ಸುತ್ತಿ ಸುತ್ತಿ ಬರುತ್ತದೆ, ಎರಡು ಏಟಿನ ನಡುವಿನ ಬಿಡುವಿನಲ್ಲಿ ಹೆಜ್ಜೆ ಮೇಲೇಳುತ್ತದೆ. ಅಲ್ಲಿ ಸೋಲೋ ಎಲ್ಲಿ ಎಂದು ಯಾರೂ ಹುಡುಕುವುದಿಲ್ಲ. ಹಾಗೆಯೇ, ನು ಮೆಟಲ್‌ನ ಒಳ್ಳೆಯ ಹಾಡಿನಲ್ಲಿ ಗಿಟಾರ್ ಬಾರಿಸದೆ ಬಿಟ್ಟ ಜಾಗವೂ ಹಾಡಿನದೇ ಭಾಗ. ಥ್ರ್ಯಾಶ್ ಎಂಬ ವೇಗದ ಹಳೆಯ ಮೆಟಲ್ ಕೇಳಿ ಬಂದ ಕಿವಿಗೆ ಆ ಬಿಡುವು ಖಾಲಿ ಅನ್ನಿಸುತ್ತದೆ, ತಕರಾರು ಹುಟ್ಟುವುದೇ ಅಲ್ಲಿಂದ.

ಆದರೆ ಈ ಶೈಲಿಯ ಮೇಲಿರುವ ಬೇರೆ ದೂರುಗಳಲ್ಲಿ ಹುರುಳಿದೆ. 1998ರಿಂದ 2002ರವರೆಗೆ ಈ ಶೈಲಿಗೆ ಸಿಕ್ಕ ಹಣ ಅಷ್ಟಿಷ್ಟಲ್ಲ. 2000ದ ಅಕ್ಟೋಬರ್‌ನಲ್ಲಿ ಲಿಂಪ್ ಬಿಝ್ಕಿಟ್‌ನ ಆಲ್ಬಮ್ ಅಮೆರಿಕದಲ್ಲಿ ಮೊದಲ ವಾರವೇ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅದೇ ತಿಂಗಳು ಬಂದ ಲಿಂಕಿನ್ ಪಾರ್ಕ್‌ನ ‘ಹೈಬ್ರಿಡ್ ಥಿಯರಿ’ ಅಲ್ಲಿ 1 ಕೋಟಿ 20 ಲಕ್ಷದ ಪ್ರಮಾಣಪತ್ರ ಪಡೆದಿದೆ. ಹಣದ ವಾಸನೆ ಹತ್ತಿದ ಕಂಪನಿಗಳು ಒಂದೇ ಅಚ್ಚಿನ ಬ್ಯಾಂಡುಗಳನ್ನು ಸಾಲುಸಾಲಾಗಿ ತಂದವು: ಮೆಲ್ಲನೆ ಪಿಸುಮಾತು, ಆಮೇಲೆ ಕಿರುಚಾಟ, ನಡುವೆ ಒಂದಿಷ್ಟು ಡಿಜೆಯ ಸ್ಕ್ರ್ಯಾಚ್ ಸದ್ದು. ಕೆಲವು ಹಾಡುಗಳಲ್ಲಿ ಹೆಂಗಸರ ಬಗ್ಗೆ ಆಡಿದ ಮಾತುಗಳು ಆಗಲೂ ಅಸಹ್ಯವಾಗಿದ್ದವು, ಈಗಲೂ ಹಾಗೆಯೇ ಇವೆ. ಅವನ್ನು ಕಾಲದ ಮೇಲೆ ಹಾಕಿ ಮಾಫಿ ಮಾಡಬೇಕಿಲ್ಲ. 1999ರ ಜುಲೈನ ವುಡ್‌ಸ್ಟಾಕ್ ಸಂಗೀತೋತ್ಸವದ ಗಲಭೆಯನ್ನು ಮಾತ್ರ ಪೂರ್ತಿ ಈ ಶೈಲಿಯ ತಲೆಗೆ ಕಟ್ಟುವುದು ಸರಿಯಲ್ಲ. ಲಿಂಪ್ ಬಿಝ್ಕಿಟ್ ನುಡಿಸುವಾಗ ಜನ ಮರದ ಹಲಗೆಗಳನ್ನು ಕಿತ್ತದ್ದು ನಿಜ, ಆದರೆ ದೊಡ್ಡ ಬೆಂಕಿ ಎದ್ದದ್ದು ಮರುದಿನ, ರೆಡ್ ಹಾಟ್ ಚಿಲಿ ಪೆಪ್ಪರ್ಸ್ ವೇದಿಕೆಯಲ್ಲಿದ್ದಾಗ. ಕಾದ ಕಾಂಕ್ರೀಟಿನ ಮೇಲೆ ಲಕ್ಷಾಂತರ ಜನರನ್ನು ನಿಲ್ಲಿಸಿ ಒಂದು ಬಾಟಲಿ ನೀರನ್ನು 4 ಡಾಲರಿಗೆ ಮಾರಿದವರ ಪಾಲೂ ಅದರಲ್ಲಿದೆ.

ಉಳಿದದ್ದೇನು ಎಂದು ಅಣ್ಣಂದಿರು ಕೇಳಿದರೆ ಡೆಫ್ಟೋನ್ಸ್‌ನ ‘ವೈಟ್ ಪೋನಿ’ ಕೇಳಿಸಿ. ಸಿಸ್ಟಮ್ ಆಫ್ ಎ ಡೌನ್‌ನ ‘ಟಾಕ್ಸಿಸಿಟಿ’ ಕೇಳಿಸಿ, ಅದು ನೀವು ಹಾಕಿರುವ ಡ್ರಾಪ್ ಸಿಯಲ್ಲೇ ಇದೆ. ಥ್ರ್ಯಾಶ್ ಅಭಿಮಾನಿಗಳಾದರೆ ಸೆಪುಲ್ಟುರಾದ ‘ರೂಟ್ಸ್’ ಸರಿಯಾದ ಔಷಧ. 1996ರ ಆ ಆಲ್ಬಮ್‌ಗಾಗಿ ಬ್ರೆಝಿಲ್‌ನ ಆ ಥ್ರ್ಯಾಶ್ ಬ್ಯಾಂಡ್, ಕಾರ್ನ್‌ನ ನಿರ್ಮಾಪಕ ರಾಸ್ ರಾಬಿನ್ಸನ್ ಜೊತೆ ಸೇರಿ, ಶವಾಂಟೆ ಬುಡಕಟ್ಟಿನವರ ಬಳಿಗೆ ಹೋಗಿ ಅವರೊಂದಿಗೆ ಧ್ವನಿಮುದ್ರಣ ಮಾಡಿತು. ತಮ್ಮ ನೆಲದ ತಾಳವನ್ನು ಮೆಟಲ್ ಒಳಗೆ ತರಲು ಈ ಶೈಲಿ ಬಾಗಿಲು ತೆರೆಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ದೆಹಲಿಯ ಬ್ಲಡಿವುಡ್ 2022ರ ‘ರಕ್ಷಕ್’ನಲ್ಲಿ ಢೋಲು, ಕೊಳಲು, ಹಿಂದಿ, ಪಂಜಾಬಿ ಎಲ್ಲವನ್ನೂ ತಂದದ್ದು ಇದೇ ಬಾಗಿಲಿನಿಂದ. ಹಲಗಿಯನ್ನೂ ಹೀಗೆ ಯಾರಾದರೂ ತರಬೇಕು.

ಇನ್ನು ರಾಡಿಯ ಮಾತು. ಮೊದಲ ಅನುಮಾನ ತಂತಿಯ ಮೇಲೆ. ಹೊಸ ಗಿಟಾರಿನಲ್ಲಿ ಸಾಮಾನ್ಯವಾಗಿ 009–042 ಸೆಟ್ (ತೆಳು ತಂತಿ 0.009 ಇಂಚು, ದಪ್ಪದ್ದು 0.042 ಇಂಚು) ಇರುತ್ತದೆ. ಇ ಸ್ವರದಲ್ಲಿ ಆ 042 ತಂತಿಯ ಎಳೆತ ಸುಮಾರು 6.7 ಕಿಲೊ. ಅದನ್ನೇ ಸಿಗೆ ಇಳಿಸಿದರೆ ಕಂಪನ 82.4 ಹರ್ಟ್ಝ್‌ನಿಂದ 65.4ಕ್ಕೆ ಇಳಿಯುತ್ತದೆ, ಎಳೆತ ಶೇ 63ಕ್ಕೆ ಕುಸಿದು 4.2 ಕಿಲೊ ಆಗುತ್ತದೆ. ಹೀಗೆ ಜೋತುಬಿದ್ದ ತಂತಿಯನ್ನು ಬಲವಾಗಿ ಹೊಡೆದಾಗ ಸ್ವರ ಒಂದು ಕ್ಷಣ ಮೇಲೇರಿ ಆಮೇಲೆ ಕೆಳಗಿಳಿಯುತ್ತದೆ. ಇಬ್ಬರು ಹೊಡೆದರೆ ಇಬ್ಬರದೂ ಬೇರೆ ಬೇರೆ ಸ್ವರ. ಅರ್ಧ ರಾಡಿ ಇಲ್ಲೇ ಇದೆ. ಡ್ರಾಪ್ ಸಿಗೆ 011–056 ಅಥವಾ 012–056 ಸೆಟ್ ಹಾಕಿ. ದಪ್ಪ ತಂತಿಯಿಂದ ತೆಳುವಿನ ಕಡೆಗೆ ಸಿ-ಜಿ-ಸಿ-ಎಫ್-ಎ-ಡಿ. ಸ್ಲಿಪ್‌ನಾಟ್‌ನ ಮೊದಲ ಆಲ್ಬಮ್ಮಿನಂತೆ ಡ್ರಾಪ್ ಬಿ ಬೇಕಿದ್ದರೆ 060ರ ಹತ್ತಿರದ ತಂತಿ ಬೇಕು.

ದಪ್ಪ ತಂತಿ ಹಾಕಿದ ಮೇಲೆ ಗಿಟಾರಿನ ಸೆಟಪ್ ಮಾಡಿಸದೆ ಬಿಟ್ಟರೆ ದುಡ್ಡು ನೀರಿಗೆ ಹಾಕಿದಂತೆ. ನಟ್‌ನ (ಗಿಟಾರಿನ ತಲೆಯ ಕಡೆ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ತಂತಿ ಸಿಕ್ಕಿಕೊಂಡು ‘ಟಿಣ್’ ಎನ್ನುತ್ತಿದ್ದರೆ ಸೀಳನ್ನು ಅಗಲ ಮಾಡಿಸಿ, ಆಳ ಮಾಡಿಸಬೇಡಿ. ಪೆನ್ಸಿಲ್ ಸೀಸ ಉಜ್ಜಿದರೂ ಸ್ವಲ್ಪ ಜಾರುತ್ತದೆ. ಆಮೇಲೆ ನೆಕ್ ನೋಡಿ: ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿದರೆ 7ನೇ ಫ್ರೆಟ್ ಹತ್ತಿರ 0.2ರಿಂದ 0.3 ಮಿ.ಮೀ. ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು. ಟ್ರಸ್ ರಾಡನ್ನು (ನೆಕ್‌ನ ಬಾಗು ಹೊಂದಿಸುವ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಮತ್ತೆ ಟ್ಯೂನ್ ಮಾಡಿಯೇ ಅಳೆಯಿರಿ. 12ನೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ 2ರಿಂದ 2.4 ಮಿ.ಮೀ. ಇದ್ದರೆ ಬಲಗೈಗೆ ಬೇಕಾದ ಜಾಗ ಸಿಗುತ್ತದೆ. ಕೊನೆಗೆ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿ ಇರುವಂತೆ ನೋಡುವುದು: 12ನೇ ಫ್ರೆಟ್ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ಒತ್ತದೆ ಬರೀ ಮುಟ್ಟಿ ಬಾರಿಸಿದ ಸ್ವರ) ಮೇಲಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸಿ. ತೇಲುವ ಟ್ರೆಮೊಲೊ (ಸ್ವರ ಅಲುಗಿಸಲು ಬಾಗುವ ಬ್ರಿಡ್ಜ್) ಇರುವ ಗಿಟಾರ್ ಆದರೆ ಹಿಂದಿನ ಸ್ಪ್ರಿಂಗುಗಳನ್ನೂ ಹೊಸದಾಗಿ ಹೊಂದಿಸಬೇಕು. ಅದಕ್ಕೆ ತಾಳ್ಮೆ ಇಲ್ಲದಿದ್ದರೆ ಈ ಶೈಲಿಗೆ ಸ್ಥಿರ ಬ್ರಿಡ್ಜ್ ಇರುವ ಗಿಟಾರೇ ವಾಸಿ.

ಎರಡನೇ ತಪ್ಪು ಆಂಪಿನ ಮೇಲೆ. ಮನೆಯಲ್ಲಿ ಒಬ್ಬರೇ ಬಾರಿಸುವಾಗ ಆಂಪಿನ ಗುಂಡಿಗಳಲ್ಲಿ ಗೇನ್ (ಸದ್ದನ್ನು ಒಡೆಸುವುದು) 9, ಬೇಸ್ 8, ಮಿಡ್ 2 ಇಟ್ಟರೆ ಭಾರಿ ಅನ್ನಿಸುತ್ತದೆ. ಬ್ಯಾಂಡಿನಲ್ಲಿ ಅದೇ ಸೌಂಡ್ ಕಾಣೆ. ಗೇನ್ ಹೆಚ್ಚಾದಷ್ಟೂ ಏಟಿನ ಮೊನೆ ಮೊಂಡಾಗುತ್ತದೆ. ಗೇನ್ 5, ಬೇಸ್ 4, ಮಿಡ್ 6ರಿಂದ ಶುರುಮಾಡಿ. ಗಿಟಾರಿಗೆ 80ರಿಂದ 100 ಹರ್ಟ್ಝ್ ಕೆಳಗಿನದ್ದನ್ನು ಕತ್ತರಿಸಿ, ಆ ಜಾಗ ಕಿಕ್ (ಕಾಲಿನಿಂದ ಬಾರಿಸುವ ಡ್ರಮ್) ಮತ್ತು ಬೇಸ್ ಗಿಟಾರಿನದು. ಬೇಸ್‌ನ ಸಿ 32.7 ಹರ್ಟ್ಝ್‌ನಲ್ಲಿದೆ, ಸಣ್ಣ ಬಾಕ್ಸುಗಳು ಅದನ್ನು ನುಡಿಸಲಾರವು. ಹಾಗಾಗಿ ಬೇಸ್ ಕಿವಿಗೆ ಬೀಳಬೇಕಾದರೆ ಹೊಸ ತಂತಿ, ಪಿಕ್ ಅಥವಾ ಸ್ಲ್ಯಾಪ್‌ನ ಮೊನೆ ಬೇಕು, 2 ಕಿಲೊಹರ್ಟ್ಝ್ ಆಸುಪಾಸಿನಲ್ಲಿ ಸ್ವಲ್ಪ ಎತ್ತಿ. 4 ತಂತಿಯ ಬೇಸ್ ಇದ್ದರೆ 5 ತಂತಿಯ ಸೆಟ್ ಕೊಂಡು ದಪ್ಪನೆಯ ನಾಲ್ಕನ್ನಷ್ಟೇ ಹಾಕಿ. ಮದುವೆ, ಜಾತ್ರೆಗೆ ಬರುವ ಸೌಂಡ್ ಸರ್ವಿಸ್‌ನವರು ರೂಢಿಯಂತೆ ಬೇಸ್ ಏರಿಸಿಯೇ ಇಟ್ಟಿರುತ್ತಾರೆ. ಗಿಟಾರಿನ ಚಾನೆಲ್‌ನಲ್ಲಿ ಅದನ್ನು ಇಳಿಸಲು ಮೊದಲೇ ಹೇಳಿ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಬೇಸಿಗೆಯಲ್ಲಿ ಇನ್ನೆರಡು ವಿಷಯಕ್ಕೆ ಎಚ್ಚರವಾಗಿರಬೇಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ದಿನ ತಗಡಿನ ಶೆಡ್ಡಿನಲ್ಲಿ ಪ್ರಾಕ್ಟೀಸ್ ಮಾಡಿದರೆ ತಂತಿಗಳು ಹಿಗ್ಗಿ ಸ್ವರ ಇಳಿಯುತ್ತದೆ, ಒಣ ಗಾಳಿಗೆ ನೆಕ್‌ನ ಮರ ಕುಗ್ಗಿ ಫ್ರೆಟ್‌ನ ತುದಿಗಳು ಕೈಗೆ ಚುಚ್ಚುತ್ತವೆ. ಗಿಟಾರನ್ನು ಕೇಸಿನಲ್ಲೇ ಇಡಿ, ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ. ಇದಕ್ಕಿಂತ ದೊಡ್ಡದು ಅರ್ತಿಂಗ್. ಎರೆಮಣ್ಣು ಬಿರುಕು ಬಿಡುವ ಕಾಲಕ್ಕೆ ಅರ್ತ್ ಗುಂಡಿಯೂ ಒಣಗುತ್ತದೆ. ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ನೀರು ಬೀಳದಿದ್ದರೆ ಅರ್ತ್ ಇದ್ದೂ ಇಲ್ಲದಂತೆ. ಆಗ ಆಂಪ್ ಗುಂಯ್ ಎನ್ನುತ್ತದೆ, ಗಿಟಾರ್ ಹಿಡಿದು ಹಾಡುವವರ ತುಟಿ ಮೈಕಿಗೆ ತಾಗಿದರೆ ಕರೆಂಟ್ ಹೊಡೆಯುತ್ತದೆ. ಗುಂಡಿಗೆ ವಾರಕ್ಕೆರಡು ಸಲ ಎರಡು ಕೊಡ ನೀರು ಹಾಕಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ನೋಡಿಸಿ. 2–3 ವೋಲ್ಟ್ ದಾಟಿದರೆ ಸರಿಪಡಿಸುವವರೆಗೆ ಪ್ಲಗ್ ಹಾಕಬೇಡಿ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕುವ ಅಭ್ಯಾಸ ಕೆಲವರಿಗಿದೆ. ಜೀವಕ್ಕೇ ಅಪಾಯ, ಯಾವತ್ತೂ ಮಾಡಬೇಡಿ. ಎಲ್ಲ ಆಂಪುಗಳನ್ನೂ ಮಿಕ್ಸರನ್ನೂ ಒಂದೇ ಬೋರ್ಡಿನಿಂದ ಎಳೆದರೆ ಗುಂಯ್ ಬಹುಪಾಲು ತಾನಾಗಿ ಇಳಿಯುತ್ತದೆ.

ಇಷ್ಟೆಲ್ಲ ಸರಿಮಾಡಿದರೂ ಕೈ ಕೂಡದಿದ್ದರೆ ಭಾರ ಬರುವುದಿಲ್ಲ. ಮುಂದಿನ ಪ್ರಾಕ್ಟೀಸಿನಲ್ಲಿ ಗಿಟಾರುಗಳನ್ನು ಗೋಡೆಗೆ ಒರಗಿಸಿಡಿ. ಮೆಟ್ರೊನೋಮನ್ನು ನಿಮಿಷಕ್ಕೆ 90ಕ್ಕೆ ಇಟ್ಟು ಡ್ರಮ್ಮು ಮತ್ತು ಬೇಸ್ ಇಬ್ಬರೇ ಒಂದು ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಬಾರಿಸಲಿ. ಕಿಕ್ ಬಿದ್ದ ಕಡೆಯೆಲ್ಲ ಬೇಸ್, ಸ್ನೇರ್ (ಕಡ್ಡಿಯಿಂದ ಬಾರಿಸುವ ಚಟ್ ಎನ್ನುವ ಡ್ರಮ್) ಬಿದ್ದ ಕಡೆ ಬೇಸ್‌ಗೆ ಮೌನ. ಕೇಳುವವರ ತಲೆ ತಾನಾಗಿ ಆಡದಿದ್ದರೆ ರಿಫ್ ಬದಲಿಸಿ, ಗಿಟಾರ್ ಬಂದು ಅದನ್ನು ಉಳಿಸುವುದಿಲ್ಲ. ತಲೆ ಆಡಿದ ಮೇಲೆ ಒಂದೇ ಗಿಟಾರ್ ಸೇರಿಸಿ, ಪಾಮ್ ಮ್ಯೂಟ್‌ನ (ಅಂಗೈ ತಾಗಿಸಿ ತಂತಿ ತಡೆದು ಬಾರಿಸುವುದು) ಪ್ರತಿ ಏಟೂ ಕಿಕ್ ಜೊತೆಗೇ ನಿಲ್ಲಬೇಕು. ಸ್ವರ ನಿಲ್ಲಿಸುವುದನ್ನು ಎಡಗೈಯಿಂದ ಕಲಿಯಿರಿ, ಸಣ್ಣ ಸದ್ದನ್ನು ತಾನೇ ಮುಚ್ಚುವ ನಾಯ್ಸ್ ಗೇಟ್ ಮೇಲೆ ಬಿಡಬೇಡಿ. ಎರಡನೇ ಗಿಟಾರ್ ಮೊದಲನೆಯದನ್ನೇ ನಕಲು ಮಾಡದೆ ತೆಳು ತಂತಿಗಳಲ್ಲಿ ಇರಲಿ. ಕಾರ್ನ್‌ನಲ್ಲಿ ಇಬ್ಬರು ಗಿಟಾರ್‌ವಾದಕರು ಇದ್ದೂ ರಾಡಿ ಆಗದಿರಲು ಇದೂ ಒಂದು ಕಾರಣ.

ಸಾಹಿತ್ಯ ಕನ್ನಡದಲ್ಲಿ ಇರಲಿ ಎಂದು ಒತ್ತಾಯಿಸಿ ಹೇಳುತ್ತೇವೆ. ಕನ್ನಡದ ಪದ ಸಾಮಾನ್ಯವಾಗಿ ಸ್ವರಾಕ್ಷರದಲ್ಲಿ ಮುಗಿಯುತ್ತದೆ, ಕಿರುಚಿ ಎಳೆಯಲು ಅನುಕೂಲ. ‘ಅ’, ‘ಆ’, ‘ಎ’ ಬಾಯಿ ತೆರೆಸುತ್ತವೆ, ‘ಇ’, ‘ಉ’ ಕೊನೆಯಲ್ಲಿ ಬಂದರೆ ಗಂಟಲು ಬಿಗಿಯುತ್ತದೆ. ಎಳೆಯುವ ಸಾಲನ್ನು ಮೊದಲಿನವುಗಳ ಮೇಲೆ ಮುಗಿಸಿ. ರ‍್ಯಾಪ್ ಭಾಗದಲ್ಲಿ ಗುರು ಅಕ್ಷರಗಳು ಸ್ನೇರ್ ಮೇಲೆ ಬೀಳುವಂತೆ ಜೋಡಿಸಿ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೆ ಇಟ್ಟ ಪ್ರಾಸವನ್ನೂ ಇಲ್ಲಿ ಬಳಸಿ ನೋಡಿ, ಬರೀ ಸಾಲಿನ ಕೊನೆಯ ಪ್ರಾಸಕ್ಕಿಂತ ಹೊಡೆತ ಜಾಸ್ತಿ. ಭಾಷೆ ನೀವು ಪ್ರಶ್ನೆ ಬರೆದ ಭಾಷೆಯೇ ಇರಲಿ. ‘ಬರವಲ್ದು’ ಎಂಬ ಒಂದು ಪದದಲ್ಲಿರುವ ಪೆಟ್ಟು ‘ಬರುತ್ತಿಲ್ಲ’ದಲ್ಲಿ ಇಲ್ಲ.

ಹಾಡುವವರಿಗೆ ಒಂದು ಮಾತು. ಕಿರುಚುವ ಬಲ ಹೊಟ್ಟೆಯಿಂದ ಬರಬೇಕು, ಗಂಟಲು ಉಜ್ಜಿ ತರುವುದಲ್ಲ. ಮೊದಲ ತಿಂಗಳು ದಿನಕ್ಕೆ 15–20 ನಿಮಿಷ ಸಾಕು, ಅದೂ ಮಾತಾಡುವಷ್ಟೇ ಸಣ್ಣ ದನಿಯಲ್ಲಿ. ಉರಿ ಅಥವಾ ನೋವು ಕಂಡರೆ ಆ ಕ್ಷಣವೇ ನಿಲ್ಲಿಸಿ. ಮರುದಿನ ದನಿ ಒಡೆದಿದ್ದರೆ ಪೂರ್ತಿ ರಜೆ. ಎರಡು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೈಕಿನ ಜಾಳಿಗೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡಿ. ದನಿ ದಪ್ಪ ಆದಂತೆ ಅನ್ನಿಸಿದರೂ ಮಾತು ಅಳಿಸಿಹೋಗಿ ಬಾಕ್ಸು ಕೂಗತೊಡಗುತ್ತದೆ.