ಗಾಂಜಾ ಅಂಗಡಿ ಯಾರದ್ದಾಗಿರಬೇಕು? ಸರ್ಕಾರದ್ದೋ, ಸಾಹುಕಾರನದ್ದೋ?

ಶಿವಮೊಗ್ಗ ಕಡೆ ಪೇಪರ್ ಓದುವವರಿಗೆ ಗಾಂಜಾ ಅಂದರೆ ಒಂದೇ ಥರದ ಸುದ್ದಿ. ಶುಂಠಿ ಪಟ್ಟೆಯ ನಡುವೆಯೋ, ಮೆಕ್ಕೆಜೋಳದ ಸಾಲಿನಲ್ಲೋ ನಾಲ್ಕು ಗಿಡ. ಪೊಲೀಸರ ದಾಳಿ. ಕಿತ್ತ ಗಿಡಗಳನ್ನು ಹಿಡಿದು ಸಾಲಾಗಿ ನಿಂತ ಸಿಬ್ಬಂದಿಯ ಫೋಟೊ. ಇಂಥ ಊರಲ್ಲಿ ಕೂತು ಗಾಂಜಾವನ್ನು ಸರ್ಕಾರ ಮಾರಬೇಕೋ ಖಾಸಗಿಯವರು ಮಾರಬೇಕೋ ಅಂತ ಬರೆಯೋದು ತಮಾಷೆಯಾಗಿ ಕಾಣಬಹುದು. ಆದರೆ ತೀರ್ಥಹಳ್ಳಿ, ಸಾಗರ, ಹೊಸನಗರದ ಎಷ್ಟೋ ಮನೆಗಳ ಮಕ್ಕಳು ಈಗ ಕೆನಡಾದ ಟೊರಾಂಟೊ ಸುತ್ತಮುತ್ತ ಇದ್ದಾರೆ. ಅವರ ಮನೆಗೆ ಹೋಗಿ ಬಂದ ಅಪ್ಪ ಅಮ್ಮಂದಿರು ಊರಿಗೆ ಬಂದ ಮೇಲೆ ಹೇಳುವ ಸುದ್ದಿಯಲ್ಲಿ ಚಳಿ ಆದಮೇಲೆ ಬರೋದು ಇದೇ: "ಅಲ್ಲಿ ಬೀದಿಗೊಂದು ಗಾಂಜಾ ಅಂಗಡಿ ಇದೆ ಮಾರಾಯ್ರೇ, ಸರ್ಕಾರವೇ ಮಾರುತ್ತಂತೆ!"

ಅರ್ಧ ನಿಜ. ಉಳಿದರ್ಧ ನಮ್ಮ ದೇಶದ ಹಳೇ ಅಬಕಾರಿ ಕಥೆಗೆ ಬಹಳ ಹತ್ತಿರದ್ದು.

ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಇದು ಅಪರಾಧ. 1985ರ ಮಾದಕ ವಸ್ತು ತಡೆ ಕಾಯ್ದೆ (ಎನ್‌ಡಿಪಿಎಸ್) ಪ್ರಕಾರ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಜೈಲು. ಒಂದು ಕೆಜಿವರೆಗಿನ ಗಾಂಜಾ ಸಿಕ್ಕರೂ ಒಂದು ವರ್ಷದವರೆಗೆ ಒಳಗೆ ಹಾಕಬಹುದು. ವಾಣಿಜ್ಯ ಪ್ರಮಾಣ ಅಂತ ಕರೆಸಿಕೊಳ್ಳುವ 20 ಕೆಜಿ ದಾಟಿದರೆ ಕನಿಷ್ಠ ಹತ್ತು ವರ್ಷ. ಈ ಲೇಖನ ಓದಿ ಯಾರೂ ಹಿತ್ತಲಲ್ಲಿ ಪ್ರಯೋಗ ಮಾಡೋದು ಬೇಡ.

ಆದರೆ ಈ ಕಾಯ್ದೆಗೆ ಇನ್ನೂ ನಲವತ್ತು ಚಿಲ್ಲರೆ ವರ್ಷ ವಯಸ್ಸು. ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ಗಾಂಜಾಕ್ಕೆ ಲೈಸೆನ್ಸ್ ಅಂಗಡಿಗಳಿದ್ದವು. ಬ್ರಿಟಿಷರ ಕಾಲದಲ್ಲಿ ಇದರ ಬಗ್ಗೆ ಲಂಡನ್ ಪಾರ್ಲಿಮೆಂಟಿನಲ್ಲಿ ತಕರಾರು ಎದ್ದು, 1893ರಲ್ಲಿ ಒಂದು ಆಯೋಗ ಕೂತಿತು. ಅದು ದೇಶದ ಉದ್ದಗಲಕ್ಕೂ 1,193 ಸಾಕ್ಷಿಗಳನ್ನು ಕೇಳಿ ಮರುವರ್ಷ ಸಂಪುಟಗಟ್ಟಲೆ ವರದಿ ಕೊಟ್ಟಿತು. ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ, ಅಂಗಡಿ ಕಡಿಮೆ ಮಾಡಿ, ಎಲ್ಲೆಂದರಲ್ಲಿ ಬೆಳೆಯೋದನ್ನು ನಿಲ್ಲಿಸಿ ಅನ್ನೋದು ಅದರ ಸಾರ. ಮಾದರಿಯಾಗಿ ತೋರಿಸಿದ್ದು ಬಂಗಾಳವನ್ನು.

ಬಂಗಾಳದ ಆ ಪದ್ಧತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಜಶಾಹಿ ಸೀಮೆಯ ನೌಗಾಂವ್ ಸುತ್ತ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ಲೈಸೆನ್ಸ್ ಇದ್ದ ರೈತರು ಮಾತ್ರ ಗಾಂಜಾ ಬೆಳೆಯಬಹುದಿತ್ತು. ಹೂ ಬಿಡುವ ಹೊತ್ತಿಗೆ ಗಂಡು ಗಿಡ ಗುರುತಿಸಿ ಕೀಳೋದಕ್ಕೇ ಪಳಗಿದ ಆಳುಗಳಿದ್ದರು, ಒಂದು ಗಂಡು ಗಿಡ ಉಳಿದರೂ ಹೆಣ್ಣು ಗಿಡದಲ್ಲಿ ಬೀಜ ಕಟ್ಟಿ ಮಾಲು ಕೆಡುತ್ತಿತ್ತು. ಕೊಯ್ದ ತೆನೆಯನ್ನು ಕಾಲಲ್ಲಿ ತುಳಿದು ತುಳಿದು ಚಪ್ಪಟೆ ಮಾಡುತ್ತಿದ್ದರು. ಆಮೇಲೆ ಅಷ್ಟೂ ಮಾಲು ಅಧಿಕಾರಿಗಳ ಕಣ್ಗಾವಲಿನ ಗೋದಾಮಿಗೆ ಹೋಗಬೇಕು. ಸುಂಕ ಕಟ್ಟಿದ ಮೇಲೇ ಅಲ್ಲಿಂದ ಹೊರಗೆ. ಕೊನೆಗೆ ಚಿಲ್ಲರೆ ಅಂಗಡಿ ಮಾತ್ರ ಖಾಸಗಿ, ಅದರ ಲೈಸೆನ್ಸು ಹರಾಜಿನಲ್ಲಿ.

ಬೆಳೆಗೆ ಲೈಸೆನ್ಸು, ಗೋದಾಮಿಗೆ ಸರ್ಕಾರ, ಕೌಂಟರಿಗೆ ಹರಾಜು ಕೂಗಿದವನು. ಇದನ್ನು ನೆನಪಿಟ್ಟುಕೊಳ್ಳಿ, 2018ರಲ್ಲಿ ಕೆನಡಾದ ಹೆಚ್ಚಿನ ಭಾಗ ಹೊಸದು ಅಂತ ಕಂಡುಹಿಡಿದದ್ದು ಹೆಚ್ಚುಕಡಿಮೆ ಇದನ್ನೇ.

ನೌಗಾಂವ್‌ನಲ್ಲಿ ಮುಂದೆ ಇನ್ನೊಂದು ಬೆಳವಣಿಗೆ ಆಯಿತು. 1917ರ ಹೊತ್ತಿಗೆ ಬೆಳೆಗಾರರೇ ಸೇರಿ ಸಹಕಾರ ಸಂಘ ಮಾಡಿಕೊಂಡರು. ಅಡಿಕೆಗೆ ನಮ್ಮ ಮ್ಯಾಮ್ಕೋಸ್ ಹೇಗೋ, ಗಾಂಜಾಕ್ಕೆ ಅದು ಹಾಗೆ. ಸರ್ಕಾರವೂ ಅಲ್ಲ, ದಲ್ಲಾಳಿಯೂ ಅಲ್ಲ. ಈಗಿನ ಚರ್ಚೆಗಳಲ್ಲಿ ಈ ಮೂರನೇ ದಾರಿಯ ಹೆಸರೇ ಬರಲ್ಲ ಅನ್ನೋದು ನನಗೆ ಸ್ವಲ್ಪ ಬೇಜಾರಿನ ವಿಷಯ.

ಸ್ವಾತಂತ್ರ್ಯ ಬಂದಮೇಲೂ ಅಂಗಡಿಗಳು ಒಮ್ಮೆಲೇ ಮುಚ್ಚಲಿಲ್ಲ. 1961ರ ವಿಶ್ವಸಂಸ್ಥೆ ಒಪ್ಪಂದದಲ್ಲಿ ಗಾಂಜಾವನ್ನು ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದರು, ಆದರೆ ರೂಢಿಯಲ್ಲಿದ್ದ ದೇಶಗಳಿಗೆ ನಿಲ್ಲಿಸೋದಕ್ಕೆ 25 ವರ್ಷ ಕೊಟ್ಟರು. ಒಪ್ಪಂದ ಜಾರಿಯಾಗಿದ್ದು 1964ರ ಡಿಸೆಂಬರಿನಲ್ಲಿ. ಲೆಕ್ಕ ಹಾಕಿದರೆ ಗಡುವು 1989ರ ಡಿಸೆಂಬರ್. ನಮ್ಮ ಎನ್‌ಡಿಪಿಎಸ್ ಕಾಯ್ದೆ 1985ರಲ್ಲೇ ಬಂದರೂ ಗಾಂಜಾ ನಿಷೇಧ ಪೂರ್ತಿ ಜಾರಿಯಾಗುವ ದಿನವನ್ನು ಬೇರೆಯಾಗಿ ಪ್ರಕಟಿಸುತ್ತೇವೆ ಅಂತ ಅದರಲ್ಲೇ ಬರೆದಿತ್ತು, ಪ್ರಕಟಿಸಿದ್ದು ಆ ಗಡುವಿಗೆ ಸರಿಯಾಗಿ. ಸರ್ಕಾರಿ ಕೆಲಸ ಕೊನೇ ದಿನಕ್ಕೇ ಅಲ್ವಾ.

ಕಾಯ್ದೆಯಲ್ಲಿ ಒಂದು ಸಂದು ಉಳಿಯಿತು. ಗಾಂಜಾ ಅಂದರೆ ಹೂ ತೆನೆ. ತೆನೆ ಇಲ್ಲದ ಬರೀ ಎಲೆ, ಬೀಜ ಅದರಲ್ಲಿ ಬರಲ್ಲ. ಹಾಗಾಗಿ ಎಲೆಯಿಂದ ಮಾಡುವ ಭಂಗಿ ರಾಜ್ಯಗಳ ಅಬಕಾರಿ ಕಾನೂನಿನ ಕೈಗೆ ಬಂತು. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ರಾಜಸ್ಥಾನದ ಜೈಸಲ್ಮೇರ್‌ಗೆ ಹೋದವರು ಕೋಟೆ ಬಾಗಿಲ ಹತ್ತಿರದ ಭಂಗಿ ಅಂಗಡಿ ನೋಡಿರುತ್ತೀರಿ. ಬೋರ್ಡಿನ ಮೇಲೆ ದೊಡ್ಡದಾಗಿ ಸರ್ಕಾರಿ ಮಾನ್ಯತೆ ಪಡೆದದ್ದು ಅಂತ ಇದೆ, ಕೂತಿರೋದು ಮಾತ್ರ ಠೇಕೆದಾರ. ಪ್ರವಾಸಿಗರು ಸರ್ಕಾರವೇ ಭಂಗಿ ಮಾರುತ್ತಿದೆ ಅಂತ ಫೋಟೊ ತೆಗೆದುಕೊಂಡು ಬರುತ್ತಾರೆ.

ಈ ಠೇಕೆದಾರರ ವಿಷಯ ನಮಗೆ ಹೊಸದಲ್ಲ. ಕರ್ನಾಟಕದಲ್ಲಿ ಸಾರಾಯಿ ಹರಾಜು ನಡೆಯುತ್ತಿದ್ದ ಕಾಲ ನೆನಪಿರುವವರಿಗೆ 'ಸೆಕೆಂಡ್ಸ್' ಅಂದರೆ ಏನು ಅಂತ ಹೇಳಬೇಕಿಲ್ಲ. ಹರಾಜಿನಲ್ಲಿ ಕೋಟಿ ಕೂಗಿದ ಕಂಟ್ರಾಕ್ಟರ್ ಆ ದುಡ್ಡು ಎತ್ತಬೇಕು, ಎತ್ತಬೇಕಾದರೆ ಸುಂಕ ಕಟ್ಟದ ಈ 'ಸೆಕೆಂಡ್ಸ್' ಮಾಲನ್ನೂ ಅದೇ ಅಂಗಡಿಯಲ್ಲಿ ನುಗ್ಗಿಸಬೇಕು. ಸಗಟು ಖಾಸಗಿಯವರ ಕೈಲಿದ್ದಷ್ಟು ದಿನ ಯಾವ ಬಾಟಲಿ ಎಲ್ಲಿಂದ ಬಂತು ಅಂತ ಲೆಕ್ಕವೇ ಸಿಗುತ್ತಿರಲಿಲ್ಲ. 2003ರಲ್ಲಿ ಸರ್ಕಾರ ಪಾನೀಯ ನಿಗಮ ಮಾಡಿ, ಬ್ರಾಂಡಿ, ವಿಸ್ಕಿ, ಬಿಯರ್ ಎಲ್ಲ ನಿಗಮದ ಡಿಪೊ ಮೂಲಕವೇ ಹೋಗಬೇಕು ಅಂತ ಮಾಡಿತು. 2007ರ ಜುಲೈ 1ರಿಂದ ಸಾರಾಯಿಯೇ ಬಂದ್.

ಆಮೇಲೆ ಊರೂರಲ್ಲಿ ಮದ್ಯದಂಗಡಿ ತೆರೆಯುತ್ತಾ ಬಂತು ಎಂಎಸ್‌ಐಎಲ್. ಚಿಟ್ ಫಂಡ್ ನಡೆಸುವ, ಶಾಲೆ ಮಕ್ಕಳ ನೋಟ್‌ಬುಕ್ ಮಾಡುವ ಅದೇ ಸರ್ಕಾರಿ ಕಂಪನಿ. ಮಲೆನಾಡಿನ ಯಾವುದೇ ಹೋಬಳಿ ಊರಿನ ಹೊರಗೆ ಬಸ್ಸಿಳಿದರೆ ಕಾಣುತ್ತೆ: ಕಬ್ಬಿಣದ ಜಾಲರಿ, ಒಳಗೊಂದು ಟ್ಯೂಬ್‌ಲೈಟ್, ಗೋಡೆಗೆ ದರಪಟ್ಟಿ. ಎಂಆರ್‌ಪಿ ಮೇಲೆ ಒಂದು ರೂಪಾಯಿ ಜಾಸ್ತಿ ಇಲ್ಲ, ಕೂತು ಕುಡಿಯೋ ಹಾಗಿಲ್ಲ. ಕುಡಿಯುವವರಿಗೆ ಖುಷಿ. ಆದರೆ ಇದೇ ಅಂಗಡಿ ನಮ್ಮೂರಿಗೆ ಬೇಡ ಅಂತ ಹೆಂಗಸರು ರಸ್ತೆಗೆ ಕೂತದ್ದೂ ಇಲ್ಲೇ. ಅಂಗಡಿ ಸರ್ಕಾರದ್ದು ಅಂದ ಮಾತ್ರಕ್ಕೆ ಮನೆಯಲ್ಲಿ ಗಲಾಟೆ ಕಡಿಮೆ ಆಗಲ್ಲ ಅನ್ನೋದು ಅವರ ವಾದ. ಅದಕ್ಕೆ ಉತ್ತರ ಕೊಟ್ಟ ಅಧಿಕಾರಿಯನ್ನು ನಾನಂತೂ ನೋಡಿಲ್ಲ. ಕೊಡೋದಾದರೂ ಹೇಗೆ? 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ.

ಸರ್ಕಾರಿ ಅಂಗಡಿ ಅನ್ನೋ ಆಲೋಚನೆ ಶುರುವಾಗಿದ್ದು ಮಾತ್ರ ಬೇರೆ ಉದ್ದೇಶಕ್ಕೆ. 1865ರಲ್ಲಿ ಸ್ವೀಡನ್ನಿನ ಗೊಟೆನ್‌ಬರ್ಗ್ ಊರಿನವರು ಒಂದು ಉಪಾಯ ಮಾಡಿದರು. ಸಾರಾಯಿ ಮಾರುವವನಿಗೆ ಜಾಸ್ತಿ ಮಾರಿದರೆ ಲಾಭ ಬರಬಾರದು, ಮಿಕ್ಕಿದ ದುಡ್ಡು ಊರಿಗೆ ಹೋಗಬೇಕು. ಅದೇ ಎಳೆ ಅಟ್ಲಾಂಟಿಕ್ ದಾಟಿ ಕೆನಡಾಕ್ಕೆ ಬಂತು. ಕ್ವಿಬೆಕ್ ಪ್ರಾಂತ್ಯ 1921ರಲ್ಲಿ, ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯ 1927ರಲ್ಲಿ ಸರ್ಕಾರಿ ಮದ್ಯದಂಗಡಿ ತೆರೆದವು. ಮುಂದೆ ಗಾಂಜಾ ಪ್ರಶ್ನೆ ಬಂದಾಗ ಅವರ ಕಣ್ಣಮುಂದೆ ಇದ್ದದ್ದು ಈ ಅಂಗಡಿಗಳೇ.

ಅಮೆರಿಕದಲ್ಲಿ ಹಾಗಾಗಲಿಲ್ಲ. ಕೊಲರಾಡೊ 2014ರ ಜನವರಿ 1ಕ್ಕೆ ಅಂಗಡಿ ತೆರೆದಾಗ ಎಲ್ಲವೂ ಖಾಸಗಿ, ಕಾರಣವೂ ಸರಳ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಗಾಂಜಾ ಇನ್ನೂ ಅಪರಾಧ. ರಾಜ್ಯ ಸರ್ಕಾರದ ನೌಕರ ಕೌಂಟರಿನಲ್ಲಿ ನಿಂತು ಪೊಟ್ಟಣ ಕೊಟ್ಟರೆ ಸರ್ಕಾರವೇ ಅಪರಾಧ ಮಾಡಿದ ಹಾಗಾಗುತ್ತೆ. ಖಾಸಗಿಯವನಾದರೆ ಅವನ ಹಣೆಬರಹ. ವಾಷಿಂಗ್ಟನ್ ರಾಜ್ಯದ ನಾರ್ತ್ ಬಾನವಿಲ್ ಅನ್ನೋ ಪುಟ್ಟ ಊರು ಮಾತ್ರ ಧೈರ್ಯ ಮಾಡಿ 2015ರಲ್ಲಿ ಪುರಸಭೆ ಅಂಗಡಿ ತೆರೆಯಿತು. ಉರುಗ್ವೆ 2017ರಲ್ಲಿ ಔಷಧಿ ಅಂಗಡಿಯಲ್ಲಿ ಮಾರಿಸಿತು, ಬೆರಳಚ್ಚು ಕೊಟ್ಟರೆ ತಿಂಗಳಿಗೆ 40 ಗ್ರಾಂ. ಅಲ್ಲಿ ಅಡ್ಡಗಾಲು ಹಾಕಿದ್ದು ಬ್ಯಾಂಕುಗಳು. ಅಮೆರಿಕದ ಕಾನೂನಿಗೆ ಹೆದರಿ ಆ ಔಷಧಿ ಅಂಗಡಿಗಳ ಖಾತೆ ಮುಚ್ಚುತ್ತೇವೆ ಅಂದವು.

ಈಗ ಕೆನಡಾ. 2018ರ ಅಕ್ಟೋಬರ್ 17ಕ್ಕೆ ದೇಶಕ್ಕೆಲ್ಲ ಕಾನೂನುಬದ್ಧವಾಯಿತು, ಯಾರು ಮಾರಬೇಕು ಅನ್ನೋದನ್ನು ಮಾತ್ರ ಪ್ರಾಂತ್ಯಗಳಿಗೆ ಬಿಟ್ಟರು. ಆಲ್ಬರ್ಟಾ ಖಾಸಗಿ ಅಂದಿತು. ಕ್ವಿಬೆಕ್ ಸರ್ಕಾರಿ ಅಂದಿತು. ಬ್ರಿಟಿಷ್ ಕೊಲಂಬಿಯಾ ಎರಡೂ ಇರಲಿ ಅಂದಿತು. ಒಂಟಾರಿಯೊದ್ದು ದೊಡ್ಡ ಪ್ರಹಸನ. 2017ರಲ್ಲಿ ಅಲ್ಲಿನ ಲಿಬರಲ್ ಸರ್ಕಾರ 2020ರೊಳಗೆ 150 ಸರ್ಕಾರಿ ಅಂಗಡಿ ಅಂತ ಯೋಜನೆ ಮಾಡಿತ್ತು. 2018ರ ಜೂನ್ ಚುನಾವಣೆಯಲ್ಲಿ ಸರ್ಕಾರ ಬಿತ್ತು. ಹೊಸದಾಗಿ ಬಂದ ಡಗ್ ಫೋರ್ಡ್ ಸರ್ಕಾರ ಆಗಸ್ಟಿನಲ್ಲಿ, ಅಂದರೆ ಇನ್ನೆರಡು ತಿಂಗಳಿದೆ ಅನ್ನುವಾಗ, ಅಂಗಡಿಯೆಲ್ಲ ಖಾಸಗಿ ಅಂತ ತಿರುಗಿಸಿಬಿಟ್ಟಿತು. ಹಾಗಾಗಿ ಮೊದಲ ದಿನ ಇಡೀ ಒಂಟಾರಿಯೊದಲ್ಲಿ ಒಂದೇ ಒಂದು ಕಾನೂನುಬದ್ಧ ಅಂಗಡಿ ಇರಲಿಲ್ಲ, ಸರ್ಕಾರದ ಆನ್‌ಲೈನ್ ಮಾರಾಟ ಬಿಟ್ಟರೆ. ಮೊದಲ 24 ಗಂಟೆಯಲ್ಲಿ ಸುಮಾರು ಒಂದು ಲಕ್ಷ ಆರ್ಡರ್ ಬಿದ್ದವು. ಮುಂದಿನ ವಾರವೇ ಪೋಸ್ಟಿನವರ ಸರದಿ ಮುಷ್ಕರವೂ ಶುರುವಾಯಿತು!

ಆಮೇಲೆ ಲಾಟರಿ. 25 ಲೈಸೆನ್ಸಿಗೆ ಚೀಟಿ ಎತ್ತಿದರು. 2019ರ ಏಪ್ರಿಲ್ 1ಕ್ಕೆ ತೆರೆಯೋಕೆ ತಯಾರಾದದ್ದು ಹತ್ತೇ ಅಂಗಡಿ. 2020ಕ್ಕೆ ಮಿತಿ ತೆಗೆದ ಮೇಲೆ ಪೂರ್ತಿ ಉಲ್ಟಾ. ಈಗ ಅಲ್ಲಿ 1,700ಕ್ಕೂ ಹೆಚ್ಚು ಅಂಗಡಿ. ಟೊರಾಂಟೊದ ಕ್ವೀನ್ ಸ್ಟ್ರೀಟಿನ ಪಶ್ಚಿಮ ಭಾಗದಲ್ಲಿ ಒಂದರ ಪಕ್ಕ ಒಂದು. ಬೇಡ ಅನ್ನುವ ಹಕ್ಕು ಊರುಗಳಿಗಿತ್ತು. ನಮ್ಮವರು ಜಾಸ್ತಿ ಇರುವ ಬ್ರಾಂಪ್ಟನ್ ಹೂಂ ಅಂದಿತು, ಪಕ್ಕದ ಮಿಸ್ಸಿಸಾಗ 2023ರವರೆಗೆ ಬೇಡ ಅಂದೇ ಕೂತಿತ್ತು. ಅಂಗಡಿ ಜಾಸ್ತಿಯಾದರೆ ದರ ಇಳಿಯುತ್ತೆ, ಕದ್ದು ಮಾರುವವನ ಗಿರಾಕಿ ಈಚೆ ಬರುತ್ತಾನೆ, ಅಷ್ಟು ನಿಜ. ಆದರೆ ಅಂಗಡಿಯವರೂ ಉಳಿಯಲಿಲ್ಲ. ಫೈರ್ ಅಂಡ್ ಫ್ಲವರ್‌ನಂಥ ದೊಡ್ಡ ಸರಪಳಿಯೇ 2023ರಲ್ಲಿ ಸಾಲಗಾರರಿಂದ ಕಾಪಾಡಿ ಅಂತ ಕೋರ್ಟಿಗೆ ಹೋಯಿತು.

ಕ್ವಿಬೆಕ್ ಕಥೆ ನೇರ ಎದುರು. ಮೊದಲ ದಿನ 12 ಸರ್ಕಾರಿ ಅಂಗಡಿ, ಮಾಲು ಸಾಲದೆ ಕೆಲವೇ ದಿನದಲ್ಲಿ ವಾರಕ್ಕೆ ನಾಲ್ಕೇ ದಿನ ಬಾಗಿಲು. ಮೊದಲ ಲೆಕ್ಕಪತ್ರದಲ್ಲಿ ನಷ್ಟ. ಈಗ ಸುಮಾರು ನೂರು ಅಂಗಡಿ, ಲಾಭದಲ್ಲಿವೆ, ಆ ದುಡ್ಡು ವ್ಯಸನ ತಡೆಯೋ ಕೆಲಸಕ್ಕೂ ಸಂಶೋಧನೆಗೂ ಹೋಗುತ್ತೆ. ಬಾಗಿಲಲ್ಲೇ ವಯಸ್ಸಿನ ದಾಖಲೆ ನೋಡುತ್ತಾರೆ. 2020ರಿಂದ 21 ವರ್ಷ ಆಗಿರಲೇಬೇಕು, ದೇಶದಲ್ಲೇ ಇದು ಜಾಸ್ತಿ. ಒಳಗೆ ಚಾಕೊಲೇಟು, ಮಿಠಾಯಿ ರೂಪದ್ದು ಇಲ್ಲ. ಮಕ್ಕಳ ಕೈಗೆ ಸಿಕ್ಕರೆ ತಿಂಡಿ ಅಂದುಕೊಳ್ಳುತ್ತವೆ ಅನ್ನೋ ಭಯ. ಸರ್ಕಾರಿ ಅಂಗಡಿ ಹೀಗೂ ನಡೆಯಬಹುದು ಅನ್ನೋದಕ್ಕೆ ನನಗೆ ಸಿಕ್ಕ ಗಟ್ಟಿ ಉದಾಹರಣೆ ಇದೊಂದೇ. ನ್ಯೂ ಬ್ರನ್ಸ್‌ವಿಕ್ ನೋಡಿ. 20 ಸರ್ಕಾರಿ ಅಂಗಡಿ ತೆರೆದು ನಷ್ಟ ಬಂದ ಕೂಡಲೇ 2019ರಲ್ಲಿ ಮಾರಿಬಿಡೋಣ ಅಂತ ಟೆಂಡರ್ ಕರೆದರು. 2021ರ ಹೊತ್ತಿಗೆ ಲಾಭ ಬಂತು, ಟೆಂಡರ್ ರದ್ದು. ಆರೋಗ್ಯ, ಮಕ್ಕಳ ಹಿತ ಅಂತ ಶುರು ಮಾಡಿದ ಅಂಗಡಿಯ ಭವಿಷ್ಯ ಕೊನೆಗೆ ತೀರ್ಮಾನ ಆಗಿದ್ದು ಲಾಭ ನಷ್ಟದ ಕಾಗದದ ಮೇಲೆ.

ಖಾಸಗಿ ಅಂಗಡಿ ಅಂತ ನಾವು ಕರೆಯೋದೂ ಪೂರ್ತಿ ಖಾಸಗಿ ಅಲ್ಲ. ಒಂಟಾರಿಯೊ, ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಮೂರರಲ್ಲೂ ಸಗಟು ಸರ್ಕಾರದ್ದೇ. ಇದು ಎಷ್ಟು ಗಟ್ಟಿ ಹಿಡಿತ ಅಂತ ಗೊತ್ತಾಗಿದ್ದು 2022ರ ಆಗಸ್ಟಿನಲ್ಲಿ. ತಿಂಗಳ ಮೊದಲ ವಾರ ಒಂಟಾರಿಯೊದ ಸರ್ಕಾರಿ ಸಗಟು ಮಾಲು ಸಾಗಿಸುತ್ತಿದ್ದ ಕಂಪನಿಯ ಮೇಲೆ ಸೈಬರ್ ದಾಳಿ ಆಯಿತು, ಪ್ರಾಂತ್ಯದ ಖಾಸಗಿ ಅಂಗಡಿಗಳಿಗೆಲ್ಲ ಸರಬರಾಜು ನಿಂತಿತು. ಆಗಸ್ಟ್ 15ಕ್ಕೆ ಬ್ರಿಟಿಷ್ ಕೊಲಂಬಿಯಾದ ಸರ್ಕಾರಿ ಗೋದಾಮಿನ ನೌಕರರು ಮುಷ್ಕರ ಹೂಡಿದರು. ಅಲ್ಲೂ ಅದೇ ಗತಿ. ಬಾಡಿಗೆ, ಸಂಬಳ ಎಲ್ಲ ತಾವೇ ಕಟ್ಟುವ ಮಾಲೀಕರು ಕಪಾಟು ಖಾಲಿ ಇಟ್ಟುಕೊಂಡು ಸರ್ಕಾರಿ ನೌಕರರ ಸಂಧಾನ ಮುಗಿಯಲಿ ಅಂತ ಕಾಯಬೇಕಾಯಿತು.

ಹಾಗಾಗಿ ಕೌಂಟರಿನಲ್ಲಿ ಯಾರು ಕೂತಿದ್ದಾರೆ ಅನ್ನೋ ಜಗಳ ನನಗೆ ಅಷ್ಟು ದೊಡ್ಡದು ಅನ್ನಿಸಲ್ಲ. ಗೋದಾಮಿನ ಬೀಗ ಯಾರ ಕೈಲಿದೆ, ಮಾರಾಟ ಜಾಸ್ತಿಯಾದರೆ ಯಾರಿಗೆ ಖುಷಿ, ಅಷ್ಟು ಕೇಳಿದರೆ ಮುಕ್ಕಾಲು ಉತ್ತರ ಸಿಗುತ್ತೆ. ನಮ್ಮಲ್ಲಿ ಕಾನೂನು ಬದಲಾಗುವ ಲಕ್ಷಣ ಸದ್ಯಕ್ಕೇನೂ ಇಲ್ಲ. ಒಂದು ವೇಳೆ ಬದಲಾದರೆ ಕರ್ನಾಟಕದಲ್ಲಿ ಡಿಪೊ ಇದೆ, ಜಾಲರಿ ಹಾಕಿದ ಅಂಗಡಿ ಇದೆ, ಲೈಸೆನ್ಸು ಕೊಟ್ಟು ರೂಢಿ ಇರುವ ಇಲಾಖೆಯೂ ಇದೆ. ಆಗ ನಾನು ನೋಡೋದು ಒಂದನ್ನೇ: ಬರುವ ದುಡ್ಡನ್ನು ಕ್ವಿಬೆಕ್ ಥರ ಬೇರೆ ಎತ್ತಿಡುತ್ತಾರಾ, ಇಲ್ಲ ಮುಂದಿನ ಬಜೆಟ್ಟಿನ ಅಬಕಾರಿ ಗುರಿಗೆ ಸೇರಿಸುತ್ತಾರಾ ಅಂತ.