ಆದಾಯ ಸರ್ಟಿಫಿಕೇಟ್ ಯಾರು ಕೇಳಿದ್ದು?

ಮೊನ್ನೆ ನಮ್ಮ ತಾಲ್ಲೂಕು ಕೋರ್ಟಿನ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರ್ ಹಿಡಿದು ನಿಂತಿದ್ದರು. ಒಳಗೆ ರೇಷನ್ ಕಾರ್ಡು, ಆಧಾರ್, ಮದುವೆಯ ಒಂದು ಫೋಟೊ, ಮಡಚಿ ಮಡಚಿ ಹರಿಯುವಂತಾಗಿದ್ದ ನಾಡಕಚೇರಿಯ ರಸೀದಿ. ಗಂಡ ಬಿಟ್ಟುಹೋಗಿ ಎರಡು ವರ್ಷವಾಗಿದೆ, ಜೀವನಾಂಶಕ್ಕೆ ಕೇಸು ಹಾಕಬೇಕು.

"ಆದಾಯ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ ಮೇಡಂ. ಅದಿಲ್ಲದೆ ಪುಕ್ಕಟೆ ವಕೀಲರು ಸಿಗಲ್ವಂತೆ" ಅಂದರು. ಅದಕ್ಕೋಸ್ಕರ ಮೂರು ದಿನದ ಕೂಲಿ ಕಳೆದುಕೊಂಡಿದ್ದರು.

ಆ ಓಡಾಟ ಬೇಕೇ ಇರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರುವವರು, ಇವರಿಗೆ ಆದಾಯದ ಮಿತಿಯೇ ಇಲ್ಲ. ಮಿತಿ ಇರುವವರಿಗೂ 13ನೇ ಸೆಕ್ಷನ್ ದಾರಿ ಬಿಟ್ಟಿದೆ: ಅನುಮಾನ ಪಡಲು ಕಾರಣ ಇಲ್ಲದಿದ್ದರೆ ಆದಾಯದ ಬಗ್ಗೆ ಅವರೇ ಕೊಟ್ಟ ಅಫಿಡವಿಟ್ ಸಾಕು. ಬರೆಯಲು ಬಾರದವರು ಬಾಯಲ್ಲೇ ಹೇಳಬಹುದು. ಕಚೇರಿಯವರು ಬರೆದುಕೊಂಡು ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಇಷ್ಟೆಲ್ಲ ಕಾನೂನಲ್ಲೇ ಇದ್ದರೂ ಸರ್ಟಿಫಿಕೇಟ್ ತನ್ನಿ ಅಂತ ವಾಪಸ್ ಕಳಿಸುವವರು ಕಡಿಮೆಯೇನಿಲ್ಲ. ನಮ್ಮ ವಕೀಲರೂ ಅದರಲ್ಲಿದ್ದಾರೆ, ನಾಚಿಕೆಯಿಂದಲೇ ಹೇಳ್ತೀನಿ.

ಪುಕ್ಕಟೆ ಅಂದರೆ ವಕೀಲರ ಫೀಸು ಮಾತ್ರ ಅಂತ ಸುಮಾರು ಜನ ತಿಳಿದಿದ್ದಾರೆ. ಕೋರ್ಟ್ ಶುಲ್ಕ, ಸಮನ್ಸ್ ಕಳಿಸುವ ಖರ್ಚು, ಆದೇಶದ ನಕಲು, ಇವೂ ಸೇರುತ್ತವೆ. ಪುಕ್ಕಟೆ ವಕೀಲರನ್ನು ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿ ನೇಮಿಸಿದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಟೈಪಿಂಗಿಗೆ, ಟೀಗೆ ಅಂತ ಯಾರಾದರೂ ಕೇಳಿದರೆ ಸುಮ್ನೆ ಕೊಡಬೇಡಿ. ಈ ಸಮಿತಿಯ ಅಧ್ಯಕ್ಷರು ಅದೇ ಕೋರ್ಟಿನ ಹಿರಿಯ ನ್ಯಾಯಾಧೀಶರು, ಅವರಿಗೆ ಹೇಳಿ. ಅಲ್ಲಿವರೆಗೆ ಹೋಗಲಾಗದಿದ್ದರೆ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಇದೇ ಕಾಗದದ ಕಾಟ ಜೈಲಿನಲ್ಲಿ ಇನ್ನೂ ಜಾಸ್ತಿ. ಜಾಮೀನು ಆಗಿರುತ್ತದೆ, ಆದರೆ ಶ್ಯೂರಿಟಿ ಕೊಡುವವರಿಗೆ, ಅಂದರೆ ಆರೋಪಿಗೆ ಹೊಣೆ ನಿಲ್ಲುವವರಿಗೆ, ಪಹಣಿ ಬೇಕು. ಜಮೀನೇ ಇಲ್ಲದ ಮನೆಯವರಿಗೆ ಪಹಣಿ ಇರುವ ನೆಂಟರು ಎಲ್ಲಿಂದ ಬರಬೇಕು? (ಕೋರ್ಟಿನ ಹೊರಗೆ ದುಡ್ಡಿಗೆ ಶ್ಯೂರಿಟಿ ನಿಲ್ಲುವವರು ಹುಟ್ಟಿಕೊಳ್ಳುವುದೇ ಹೀಗೆ.) ಜಾಮೀನು ಸಿಗಲೇಬೇಕಾದ ಸಣ್ಣ ಅಪರಾಧಗಳಲ್ಲಿ ಬಡವರನ್ನು ಶ್ಯೂರಿಟಿ ಇಲ್ಲದೆ, ಅವರದೇ ಬಾಂಡಿನ ಮೇಲೆ ಬಿಡಬೇಕು. ಬಂಧನವಾಗಿ ಒಂದು ವಾರದಲ್ಲಿ ಶ್ಯೂರಿಟಿ ತರಲಾಗದಿದ್ದರೆ ಅದೇ ಬಡತನಕ್ಕೆ ಸಾಕ್ಷಿ ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಸೆಕ್ಷನ್ ಹೇಳುತ್ತದೆ, ಅದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಹೀಗೇ ಇತ್ತು. ಬೇರೆ ಕೇಸುಗಳಲ್ಲಿ ಜಾಮೀನಾಗಿ 7 ದಿನ ಕಳೆದರೂ ಆಚೆ ಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯವರು ತಾವಾಗಿಯೂ ಪ್ರಾಧಿಕಾರಕ್ಕೆ ಹೋಗಿ ಶರತ್ತು ಸಡಿಲಿಸಲು ಅರ್ಜಿ ಹಾಕಿಸಬಹುದು.

ಆ ಹೆಂಗಸಿನ ಅರ್ಜಿ ಅವತ್ತೇ ಸಮಿತಿಗೆ ಕೊಟ್ಟೆವು, ಮುಂದಿನ ವಾರ ಕೇಸೂ ದಾಖಲಾಯಿತು. ಮೊದಲ ವಾಯಿದೆ ಯಾವಾಗ ಅಂತ ಹೇಳಿದಾಗ ಬೆರಳು ಮಡಚಿ ಲೆಕ್ಕ ಹಾಕಿ, "ಅವತ್ತು ಕಾಫಿ ತೋಟದಲ್ಲಿ ಬಟವಾಡೆ ಮೇಡಂ, ಬೇರೆ ದಿನ ಕೊಡಲ್ವಾ?" ಅಂದರು. ಅದಕ್ಕೆ ಯಾವ ಸೆಕ್ಷನ್ನೂ ನನ್ನ ಹತ್ತಿರ ಇರಲಿಲ್ಲ.